ಕರಿಕೋಳಿಯ ಕೊನೆಯ ಏಳು ತತ್ತಿ

ಕೋಳಿಯನ್ನಾಗಲಿ ಅದರ ತತ್ತಿಯನ್ನಾಗಲಿ ಹುಟ್ಟಿದಾಗಿನಿಂದ ಬಾಯಿಗೆ ಇಟ್ಟುಕೊಳ್ಳದ ಒಬ್ಬರೊಡನೆ ಕೋಳಿಯ ವಿಷಯದಲ್ಲಿ ವಾದಕ್ಕಿಳಿಯುವ ಧೈರ್ಯ ಇಡೀ ಜಮಖಂಡಿ ತಾಲೂಕಿನಲ್ಲಿ ಯಾರಿಗೂ ಇಲ್ಲ ಎಂದರೆ ನೀವು ನಂಬುತ್ತೀರಾ? (ಅವರ ಊರು ಬನಹಟ್ಟಿ. ರಬಕವಿ-ಬನಹಟ್ಟಿ ಈಗ ಜಮಖಂಡಿಯಿಂದ ಬೇರೆಯಾಗಿ ತಾನೇ ಒಂದು ತಾಲೂಕಾಗಿದೆ. ಹಳೆಯ ರೂಢಿಯಿಂದ ಹಾಗೆ ಬರೆದೆ. ‘ಎರಡೂ ತಾಲೂಕುಗಳಲ್ಲಿ’ ಎಂದು ದಯವಿಟ್ಟು ತಿದ್ದಿಕೊಳ್ಳಿ.)

ಅವರು ನನ್ನ ಅಕ್ಕನ ಗಂಡ. ನಮ್ಮ ಕಡೆಯ ರೂಢಿಯಂತೆ ನನಗೆ ಮಾಮಾ. ನಾಲ್ಕು ಪಾವರ್‌ಲೂಮ್ ಮಗ್ಗಗಳ ಒಡೆಯರು. ತತ್ತಿ ಎಂಬ ಮಾತನ್ನೇ ಅಡುಗೆಮನೆಯೊಳಗೆ ಆಡದ ಮನೆತನ ಅವರದು. ಅಂಥವರು ಮಗ್ಗದ ಶೆಡ್ಡಿನ ಹಿಂದೆ ಕೋಳಿಗಳ ಒಂದು ಭೂಪಟವನ್ನೇ ಸಾಕಿದ್ದಾರೆ. ಇಟಲಿಯ ಬಂದರೊಂದರ ಹೆಸರು ಇಂಗ್ಲಿಷರ ನಾಲಿಗೆಯಲ್ಲಿ ತಿರುಚಿಕೊಂಡು ‘ಲೆಗ್‌ಹಾರ್ನ್’ ಆದ ಬಿಳಿ ಕೋಳಿ ಅಲ್ಲಿದೆ. ಅಮೆರಿಕದ ರೋಡ್ ಐಲೆಂಡಿನ ಕೆಂಪು ಕೋಳಿ, ಬೆಂಗಳೂರಿನ ವಿಜ್ಞಾನಿಗಳು ಬೆಳೆಸಿದ ಗಿರಿರಾಜ, ಅಂಕಣವಿಲ್ಲದೆಯೂ ಕುಸ್ತಿಗೆ ನಿಲ್ಲುವ ಅಸೀಲ್ ಎಲ್ಲವೂ ಇವೆ. ಇವೆಲ್ಲವುಗಳಿಗಿಂತ ಮೇಲೆ, ಮಧ್ಯಪ್ರದೇಶದ ಝಾಬುವಾದಿಂದ ಅವರೇ ಮಡಿಲಲ್ಲಿಟ್ಟುಕೊಂಡು ಬಸ್ಸು, ರೈಲು ಬದಲಿಸಿ ತಂದ ಕಡಕನಾಥ ಜೋಡಿ. ಅದರ ಗರಿ, ಜುಟ್ಟು, ಚರ್ಮ ಎಲ್ಲವೂ ಕಪ್ಪು. ತತ್ತಿ ಮಾತ್ರ ಕಪ್ಪಲ್ಲ, ನಸುಗಂದು. ಇದನ್ನು ನಂಬದೆ ಖುದ್ದಾಗಿ ನೋಡಿ ನಿರಾಶರಾಗಿ ಹೋದವರು ಬಹಳ.

ನಾನು ಶಾಸನಗಳ ಕಾಲನಿರ್ಣಯ ಮಾಡುತ್ತ ಸವೆದು, ನಿವೃತ್ತನಾಗಿ ಜಮಖಂಡಿಯಲ್ಲಿ ನೆಲೆಸಿದವನು. ತೇದಿ, ತಿಥಿ, ವಾರ ಈ ಮೂರೂ ಒಂದಕ್ಕೊಂದು ತಾಳೆಯಾಗದಿದ್ದರೆ ನನಗೆ ಊಟ ಸೇರುವುದಿಲ್ಲ. ಒಮ್ಮೆ ತಡೆಯಲಾರದೆ ಎದುರು ನಿಂತು ಗಟ್ಟಿಯಾಗಿ ಕೇಳಿದೆ: “ಮಾಮಾ, ಕಡಕನಾಥನ ಎಲುಬೂ ಕಪ್ಪು ಅಂತ ಬಂದವರಿಗೆಲ್ಲಾ ಹೇಳ್ತೀರಿ. ನೀವು ಕೊಯ್ದಿಲ್ಲ, ತಿಂದಿಲ್ಲ. ಇದಕ್ಕ ಆಧಾರ ಏನ್ರಿ?”

“ನಿನ್ನ ಎಲುಬು ಬೆಳ್ಳಗ ಅದಾವ ಅಂತ ನಂಬೀಯೋ ಇಲ್ಲೋ?” ಎಂದರು. “ಅದಕ್ಕೇನ ಆಧಾರೈತಿ? ಯಾರ ಕೊಯ್ದ ನೋಡ್ಯಾರ?”

ನನ್ನ ಪ್ರಬಂಧಗಳನ್ನು ಪರಿಶೀಲಿಸಿದ ವಿದ್ವಾಂಸರು ಯಾರೂ ಇಂಥ ಪ್ರಶ್ನೆಯನ್ನು ಎತ್ತಿರಲಿಲ್ಲ.

ಮನುಷ್ಯರನ್ನೂ ಅವರು ಕೋಳಿಗಳ ತಳಿಯಿಂದಲೇ ಅಳೆಯುತ್ತಾರೆ. ನೂಲಿನ ವ್ಯಾಪಾರಿಯೊಬ್ಬರು ತಮ್ಮ ಮಗಳಿಗೆ ನೋಡಿದ್ದ ವರನ ಬಗ್ಗೆ ಅಭಿಪ್ರಾಯ ಕೇಳಲು ಬಂದರು. “ಹುಡುಗ ಲೆಗ್‌ಹಾರ್ನ್ ಅದಾನ್ರಿ,” ಎಂದರು ಮಾಮಾ. ಹೆಸರು ವಿಲಾಯತಿಯಾಗಿ ಕೇಳಿಸಿದ್ದರಿಂದ ವ್ಯಾಪಾರಿಗಳಿಗೆ ಬಹಳ ಸಂತೋಷವಾಯಿತು. ಹಾಗೆಂದರೇನು ಎಂದು ಕೇಳಬಾರದಿತ್ತು, ಕೇಳಿದರು. “ದಿನಾ ತಪ್ಪದ ಕೆಲಸ ಮಾಡ್ತಾನ. ಮರಿ ಮಕ್ಕಳ ಕಡೆ ಹೊಳ್ಳಿ ನೋಡೂದಿಲ್ಲ.” ಆ ಸಂಬಂಧ ಅಲ್ಲಿಗೇ ನಿಂತಿತು. ನನ್ನ ತಳಿ ಯಾವುದೆಂದು ನಾನು ಕೇಳಿರಲಿಲ್ಲ, ಆದರೂ ತಿಳಿಸಿದರು. “ನೀ ಅಸೀಲ್. ತತ್ತಿ ತಿಂಗಳಿಗೊಂದು, ಜಗಳ ದಿನಾ.”

ಮುಧೋಳದ ಬೇಟೆನಾಯಿಗೆ ವಂಶಾವಳಿ ಬರೆದಿಡುವುದಾದರೆ ಬನಹಟ್ಟಿಯ ಕೋಳಿ ಮಾಡಿದ ಪಾಪವೇನು ಎಂಬುದು ಅವರ ಬಹುದಿನದ ಅಳಲು. ಆ ವಂಶಾವಳಿಯ ಪುಸ್ತಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕೆಂಪು ಕೋಳಿಯ ತಂದೆಯ ಹೆಸರಿನ ಮುಂದೆ ಏನು ಬರೆಯಲಿ ಎಂದರೆ “ಅಮೆರಿಕಾ ಅಂತ ಬರಿ” ಎಂದರು. ಹಾಗೆ ಬರೆಯಲಾದೀತೇ? ಅದರ ಪೂರ್ವಜರಲ್ಲಿ ಮಲಯ ಕಡೆಯ ಹುಂಜವೂ ಇತ್ತೆಂದು ಪುಸ್ತಕಗಳು ಹೇಳುತ್ತವೆ. ಅದನ್ನೂ ಟಿಪ್ಪಣಿಯಾಗಿ ಸೇರಿಸಿದೆ. ಎಲ್ಲ ಸಾಕುಕೋಳಿಗಳ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ ಎಂಬ ಮಾತಿಗೆ ಹೆಚ್ಚಿನ ವಿದ್ವಾಂಸರ ಒಪ್ಪಿಗೆಯಿದೆ. ಆದರೆ ಮನುಷ್ಯ ಅದನ್ನು ಎಂದು ಸಾಕಿದ ಎಂದು ಹುಡುಕಲು ಹೋದರೆ, ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಕಾಲ ಸಾವಿರಾರು ವರ್ಷ ಜಾರುತ್ತದೆ! ಆ ಜಾಗವನ್ನು ಖಾಲಿ ಬಿಟ್ಟೆ. ಈಗಲೂ ಖಾಲಿಯೇ ಇದೆ.

ಇಷ್ಟರಲ್ಲಿ ಆ ಅನಾಹುತ ನಡೆಯಿತು. ಮಾಮಾ ಒಂದು ಮದುವೆಗೆಂದು ಮುಧೋಳಕ್ಕೆ ಹೋಗಿದ್ದರು. ಸೆಖೆಯೆಂದು ಕಡಕನಾಥ ಜೋಡಿಯ ಗೂಡಿನ ಬಾಗಿಲನ್ನು ತುಸು ತೆರೆದಿಟ್ಟೇ ಹೋಗಿದ್ದರು. ನಡುಮಧ್ಯಾಹ್ನ ಮುಂಗುಸಿ ನುಗ್ಗಿತು. ಕಡಕನಾಥ ಹುಂಜ ಎದುರಿಸಿ ಸತ್ತಿತು, ಕೋಳಿ ಮೂಲೆಯಲ್ಲಿ ಸತ್ತಿತು. ಉಳಿದದ್ದು ಶೆಡ್ಡಿನೊಳಗೆ ನೀರಿನ ಹರವಿಯ ಪಕ್ಕ ತೌಡಿನ ಬುಟ್ಟಿಯಲ್ಲಿ ಕೂಡಿಸಿಟ್ಟಿದ್ದ ಏಳು ತತ್ತಿ.

“ಝಾಬುವಾದಿಂದ ಇನ್ನೊಂದು ಜೋಡಿ ತರಬಹುದಲ್ರಿ, ಮಾಮಾ,” ಎಂದೆ.

“ಬ್ಯಾರೆ ಸಿಗತಾವು. ಇವು ಸಿಗೂದಿಲ್ಲ,” ಎಂದರು. ಗೂಡಿನ ಚಿಲಕ ಹಾಕುತ್ತ, “ಬಾಗಿಲಾ ತೆರದಿಟ್ಟಾಂವ ನಾನ,” ಎಂದರು. ಅವರು ತಪ್ಪೊಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು; ನನಗೆ ಅಂಜಿಕೆ ಹತ್ತಿತು.

ಕಡಕನಾಥ ಕೋಳಿಯೇ ಇದ್ದಿದ್ದರೂ ಉಪಯೋಗವಿರಲಿಲ್ಲ, ಅದು ಕಾವಿಗೆ ಕೂರುವುದು ಅಪರೂಪ. ಆ ಕೆಲಸಕ್ಕೆ ನಮ್ಮ ಊರ ತಳಿಯ ಜವಾರಿ ಕೋಳಿಯೇ ಆಗಬೇಕು. ಪುಣ್ಯಕ್ಕೆ ಶೆಡ್ಡಿನಲ್ಲಿ ಮಗ್ಗದ ಕೆಳಗೇ ಹುಟ್ಟಿ ಬೆಳೆದ ಜವಾರಿ ಕೋಳಿಯೊಂದು ಆಗಲೇ ಬುಟ್ಟಿಯೊಂದರಲ್ಲಿ ಕಾವಿಗೆ ಕೂತಿತ್ತು. ಸೋಮವಾರ ಏಳೂ ತತ್ತಿಗಳನ್ನು ಅದರ ಹೊಟ್ಟೆಯ ಕೆಳಗೆ ಸರಿಸಿದೆವು. ಇಪ್ಪತ್ತೊಂದು ದಿನ. ನಾನು ತೇದಿ, ತಿಥಿ, ವಾರ ಮೂರನ್ನೂ ಬರೆದುಕೊಂಡೆ. ಜಮಖಂಡಿಯ ಮನೆಗೆ ಹೋಗಲು ಮನಸ್ಸಾಗದೆ ಅಕ್ಕನ ಮನೆಯಲ್ಲೇ ಉಳಿದೆ.

ಮೂರನೆಯ ದಿನ ಮಾಮಾನಿಗೆ ಹೊಸ ಚಿಂತೆ ಹೊಕ್ಕಿತು. “ಇಷ್ಟ ಸಪ್ಪಳಕ್ಕ ಒಳಗಿನ ಜೀವ ಅಂಜೂದಿಲ್ಲೇನೋ?” ಎಂದರು. ನಾನು ಎರಡು ಪುಸ್ತಕಗಳನ್ನು ತಾಳೆ ನೋಡಿದೆ. ಕಾವಿಗೆ ಕೂತ ಕೋಳಿಗೆ ನಿಶ್ಶಬ್ದವಾದ, ಕತ್ತಲೆಯ ಸ್ಥಳ ಬೇಕೆಂದು ಎರಡರಲ್ಲೂ ಇತ್ತು. ನನ್ನ ಮಾತನ್ನು ಮಾಮಾ ಮರುಪ್ರಶ್ನೆಯಿಲ್ಲದೆ ಒಪ್ಪಿದ್ದು ಅದೊಂದೇ ಸಲ. ನಾಲ್ಕೂ ಮಗ್ಗ ನಿಂತವು. ನೇಯುವವರಿಗೆ ರಜೆ ಕೊಟ್ಟರು. ಶೆಡ್ಡಿನಲ್ಲಿ ಎಂಥ ಶಾಂತಿ ನೆಲೆಸಿತೆಂದರೆ, ಕೋಳಿ ಕತ್ತೆತ್ತಿತು, ಎದ್ದಿತು, ಬುಟ್ಟಿಯಿಂದ ಜಿಗಿದು ಹೊರಗೆ ಹೋಯಿತು.

ಕಾಳು ಚೆಲ್ಲಿದೆವು. ಕರೆದೆವು. ಹಿಡಿದು ತಂದು ಕೂರಿಸಿದರೆ ಮತ್ತೆ ಎದ್ದಿತು. ಗೋಡೆಯಿಂದ ಗೋಡೆಗೆ ಓಡಾಡುತ್ತ ಗಾಬರಿಯಿಂದ ಕೂಗತೊಡಗಿತು. ಒಂದು ತಾಸು ಕಳೆಯಿತು. ಮಾಮಾ ತತ್ತಿಗಳ ಮೇಲೆ ತಮ್ಮ ಧೋತರದ ಚುಂಗು ಹೊದಿಸಿ, ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತರು. ನಾನು ಮೂರನೆಯ ಪುಸ್ತಕ ಹುಡುಕುತ್ತಿದ್ದೆ.

ಕೋಳಿಗಳೆಂದರೆ ಮಾರು ದೂರ ನಿಲ್ಲುವ ಅಕ್ಕ ಆಗ ಬಾಗಿಲಿಗೆ ಬಂದಳು. “ಅಲ್ರೀ, ಅದು ಹುಟ್ಟಿದ್ದ ಮಗ್ಗದ ಬುಡಕ. ಈ ಮನಿಗೆ ಬಂದ ಮ್ಯಾಲೆ ರಾತ್ರಿ ಕರೆಂಟ್ ಹೋಗಿ ಮಗ್ಗ ನಿಂತ್ವಂದ್ರ ನನಗ ನಿದ್ದಿಯಾಗಿಂದ ಎಚ್ಚರಾಗತೈತಿ. ಅದಕ್ಕಾಗೂದಿಲ್ಲೇನು?” ಎಂದವಳೇ ಹೋಗಿ ಮೊದಲ ಮಗ್ಗದ ಬಟನ್ ಒತ್ತಿದಳು. ಲಾಳಿ ಖಟಖಟನೆ ಓಡಾಡತೊಡಗಿತು. ಕೋಳಿ ನಿಂತಿತು, ಒಂದು ಕ್ಷಣ ಆಲಿಸಿತು. ಬಳಿಕ ಬುಟ್ಟಿ ಹತ್ತಿ ರೆಕ್ಕೆ ಹರವಿ ಕೂತಿತು. ಆ ಎರಡೂ ಪುಸ್ತಕಗಳ ಲೇಖಕರು ಬನಹಟ್ಟಿಯನ್ನು ಕಂಡವರಲ್ಲ.

ಅಂದಿನಿಂದ ಆ ಮೊದಲ ಮಗ್ಗವೊಂದೇ ಹಗಲು ರಾತ್ರಿ ಓಡಿತು, ನಮಗೆ ಕರೆಂಟಿನದೇ ಧ್ಯಾನ. ಅದು ಹೋದಾಗಲೆಲ್ಲ ಮಾಮಾ ಮತ್ತು ನಾನು ಬುಟ್ಟಿಯ ಎರಡೂ ಬದಿ ಕೂತು ಹಳೆಯ ಲಾಳಿಗಳಿಂದ ಹಲಗೆ ಬಡಿಯುತ್ತಿದ್ದೆವು. ಲಯ ತಪ್ಪಿದರೆ ಕೋಳಿ ಕತ್ತೆತ್ತುತ್ತಿತ್ತು, ಮಾಮಾ ನನ್ನನ್ನು ದುರುಗುಟ್ಟಿ ನೋಡುತ್ತಿದ್ದರು. ಓಣಿಯ ಶಿಕ್ಷಕರೊಬ್ಬರು ಇಣುಕಿ, “ಏನ್ ನಡಸೀರಿ ಸರ?” ಎಂದರು. “ಕರೆಂಟ್ ಹೋಗೈತ್ರಿ,” ಎಂದೆ. ಅವರು ಸರ್ರನೆ ತಲೆ ಹಿಂದಕ್ಕೆಳೆದುಕೊಂಡು ಹೊರಟುಹೋದರು. ನನ್ನ ನಿವೃತ್ತ ಜೀವನದ ಬಗ್ಗೆ ಊರಲ್ಲಿ ಏನೇನು ಮಾತು ಹಬ್ಬಿತೋ ತಿಳಿಯದು.

ಇಪ್ಪತ್ತೊಂದನೆಯ ದಿನ ಬಂತು, ಹೋಯಿತು. ಒಂದು ತತ್ತಿಯೂ ಬಿರಿಯಲಿಲ್ಲ. ಇಟ್ಟ ದಿನವನ್ನು ಎಣಿಕೆಗೆ ಹಿಡಿಯಬೇಕೋ ಬಿಡಬೇಕೋ ಎಂದು ನಾನು ಮತ್ತೆ ಮತ್ತೆ ಲೆಕ್ಕ ಹಾಕಿದೆ. ಅಂದು ತಣ್ಣಗಾದ ಆ ಒಂದು ತಾಸು ಎಷ್ಟು ತಡಮಾಡಿಸೀತೆಂದು ತರ್ಕಿಸಿದೆ. “ತತ್ತಿ ಒಳಗೂ ಒಂದು ಕ್ಯಾಲೆಂಡರ್ ಇಟ್ಟೀಯೇನ ತಮ್ಮಾ?” ಎಂದಳು ಅಕ್ಕ. ನಕ್ಕಳಾದರೂ ಅವಳ ಕಣ್ಣು ಗಂಡನ ಮೇಲಿತ್ತು. ಮಾಮಾ ಅಂದು ಊಟಕ್ಕೆ ಏಳಲಿಲ್ಲ.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ನಾನು ಶೆಡ್ಡಿಗೆ ಹೋದಾಗ ಮಾಮಾ ಕೋಳಿಯ ಕೆಳಗಿನಿಂದ ಒಂದು ತತ್ತಿ ತೆಗೆದು ಕಿವಿಗೆ ಒತ್ತಿಕೊಂಡು ನಿಂತಿದ್ದರು. ಬಿರಿಯುವ ಮೊದಲು ಮರಿ ಒಳಗೇ ಚಿಂವ್‌ಗುಟ್ಟುತ್ತದೆ. ಅದನ್ನು ಕೇಳಿದವರಿಗೆ ಮರಿ ಬದುಕಿದೆಯೆಂದು ತಿಳಿಯುತ್ತದೆ. ಆದರೆ ಮಾಮಾನ ಕಿವಿಗಳನ್ನು ಮಗ್ಗಗಳು ಎಂದೋ ತಿಂದುಬಿಟ್ಟಿವೆ. ಎದುರು ನಿಂತು ಕೂಗಿದರೆ ಮಾತ್ರ ಅವರಿಗೆ ನಮ್ಮ ಮಾತು ಮುಟ್ಟುತ್ತದೆ. ಅವರು ತತ್ತಿಯನ್ನು ಇನ್ನೊಂದು ಕಿವಿಗೆ ಹಿಡಿದರು. ಮತ್ತೆ ಮೊದಲಿನದಕ್ಕೆ ಹಿಡಿದರು. “ಏನೂ ಇಲ್ಲ,” ಎಂದರು.

ಯಾವಾಗ ಬಂದಳೋ, ಅಕ್ಕ ನನ್ನ ಹಿಂದೆಯೇ ನಿಂತಿದ್ದಳು. “ಮಗ್ಗಾ ಬಂದ್ ಮಾಡ ತಮ್ಮಾ,” ಎಂದಳು. ಬಟನ್ ಒತ್ತಿದೆ. ಸಪ್ಪಳ ನಿಂತಿತು. ಕೋಳಿ ಈ ಸಲ ಏಳಲಿಲ್ಲ, ಹೊಟ್ಟೆಯ ಕೆಳಗಿನದಕ್ಕೇ ಕಿವಿಗೊಟ್ಟು ಕೂತಿತು. ಅಕ್ಕ ಸೆರಗಿಗೆ ಕೈಯೊರೆಸಿಕೊಂಡು ಗಂಡನ ಕೈಯಿಂದ ತತ್ತಿ ಇಸಿದುಕೊಂಡಳು. ಕಿವಿಗೆ ಹಿಡಿದು ಕಣ್ಣು ಮುಚ್ಚಿದಳು. ಮಾಮಾ ಅವಳ ಮುಖವನ್ನೇ ನೋಡುತ್ತಿದ್ದರು, ಉತ್ತರ ಅಲ್ಲೇ ಬರೆದಿದೆ ಎಂಬಂತೆ.

“ಚಿಂವ್ ಅನ್ನಾಕತ್ತೈತ್ರಿ,” ಎಂದಳು. ಮಾಮಾನಿಗೆ ಕೇಳಿಸಲಿಲ್ಲ. ಅವಳು ಮತ್ತೆ ಕೂಗಿ ಹೇಳಲಿಲ್ಲ. ಅವರ ಬಲಗೈ ಎಳೆದು, ಅಂಗೈ ಬಿಡಿಸಿ, ತತ್ತಿಯನ್ನು ಅದರಲ್ಲಿಟ್ಟು, ಕೆಳಗಿನಿಂದ ತನ್ನ ಅಂಗೈಯನ್ನು ಆನಿಸಿ ಹಿಡಿದಳು. ಇಬ್ಬರೂ ಅಲುಗದೆ ನಿಂತರು.

ಒಳಗಿನಿಂದ ಪುಟ್ಟ ಕೊಕ್ಕು ತಟ್ಟಿರಬೇಕು. ಮಾಮಾನ ಬೆರಳುಗಳು ಒಮ್ಮೆ ಬೆದರಿ, ಮೆಲ್ಲನೆ ತತ್ತಿಯ ಸುತ್ತ ಮಡಚಿಕೊಂಡವು. “ಐತಿ,” ಎಂದರು, ನನಗೂ ಅಲ್ಲ, ಅಕ್ಕನಿಗೂ ಅಲ್ಲ. “ತಟ್ಟಾಕತ್ತೈತಿ.”

ಮಗ್ಗ ಮತ್ತೆ ಶುರು ಮಾಡಬೇಕಿತ್ತು. ನನ್ನ ಬೆರಳು ಬಟನ್ನಿನ ಮೇಲೆಯೇ ಇತ್ತು. ಒತ್ತಲಿಲ್ಲ.