ಗುಂಡಿ ಹಚ್ಚಿದ ಹವಾಲ್ದಾರ

ಸುಳ್ಳು ಹೇಳುವುದಕ್ಕೆ ಬುದ್ಧಿ ಬೇಕು, ಧೈರ್ಯ ಬೇಕು, ನೆನಪಿನ ಶಕ್ತಿಯಂತೂ ಬೇಕೇ ಬೇಕು. ಈ ಮೂರೂ ನನ್ನಲ್ಲಿ ಅಷ್ಟಕ್ಕಷ್ಟೇ. ಆದ್ದರಿಂದ ಜಮಖಂಡಿಯಲ್ಲಿ ಏಳು ವರ್ಷ ನಾನು ಮಾಜಿ ಹವಾಲ್ದಾರನಾಗಿ ಬದುಕಿದ್ದು ಸ್ವಂತ ಸಾಮರ್ಥ್ಯದಿಂದಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅದು ಊರವರೆಲ್ಲ ಕೂಡಿ ಕಟ್ಟಿದ ಸುಳ್ಳು. ನಾನು ಅದರೊಳಗೆ ಹೋಗಿ ಕೂತೆ, ಅಷ್ಟೇ. ಒಳಗೆ ಬೆಚ್ಚಗಿತ್ತು. ಹೊರಗೆ ಬಾ ಎಂದು ಯಾರೂ ಕರೆಯಲಿಲ್ಲ, ನನಗೂ ಅವಸರವಿರಲಿಲ್ಲ.

ನಮ್ಮದು ರಬಕವಿಯ ನೇಕಾರರ ಮನೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂಡುವುದೇ ಎಂದು ಅಪ್ಪನ ಜೊತೆ ಜಗಳವಾಡಿ, ಯುದ್ಧದ ಕಾಲದಲ್ಲಿ ದಂಡು ಸೇರಲು ಪುಣೆಗೆ ಓಡಿದೆ. ಭರ್ತಿಯ ಕಚೇರಿಯಲ್ಲಿ ದಪ್ಪ ಮೀಸೆಯವನೊಬ್ಬ ನನ್ನ ಎದೆಗೆ ಟೇಪು ಸುತ್ತಿ ಉಸಿರು ಎಳೆ ಎಂದ. ಎಳೆದೆ. ಇನ್ನೂ ಎಳೆ ಎಂದ. ಆ ಕೋಣೆಯಲ್ಲಿ ಇದ್ದಷ್ಟು ಗಾಳಿಯನ್ನೆಲ್ಲ ಎಳೆದುಕೊಂಡೆ. ಆದರೂ ಎರಡು ಬೆರಳು ಕಡಿಮೆ ಬಿತ್ತು. ಊಟ ಮಾಡಿ ಬಾ ಎಂದು ಹಿಂದಿಯಲ್ಲಿ ಹೇಳಿ ಮುಂದಿನವನನ್ನು ಕರೆದ. ಎಷ್ಟು ದಿನ ಊಟ ಮಾಡಬೇಕು ಎಂದು ಹೇಳಲಿಲ್ಲ. ಅಪ್ಪನ ಮುಂದೆ ಹೋಗಿ ನಿಲ್ಲಲು ಮುಖವಿಲ್ಲದೆ ದಂಡಿನ ಪೇಟೆಯಲ್ಲೇ ಒಂದು ಸಿಂಪಿಗರ ಅಂಗಡಿ ಸೇರಿಕೊಂಡೆ. ಸಿಪಾಯಿಗಳ ಅಂಗಿ ಕೋಟು ಹೊಲಿಯುವ ಅಂಗಡಿ ಅದು. ಕಾಜಾ ತೆಗೆಯುವುದು, ಗುಂಡಿ ಹಚ್ಚುವುದು ನನ್ನ ಕೆಲಸ. ಇಡೀ ಜಗತ್ತು ಗುಂಡು ಹಾರಿಸುತ್ತಿದ್ದ ಆ ಮೂರು ವರ್ಷ ನಾನು ತಲೆ ತಗ್ಗಿಸಿ ಗುಂಡಿ ಹಚ್ಚಿದೆ.

ಯುದ್ಧ ಮುಗಿದು ಕೆಲಸ ಕಡಿಮೆಯಾದಾಗ ಮಾಲಕ ನನಗೆ ಒಂದು ಖಾಕಿ ಕೋಟು ಕೊಟ್ಟು ಬೀಳ್ಕೊಟ್ಟ. ಒಂದು ತೋಳು ಗಿಡ್ಡವಾಯಿತೆಂದು ದಂಡಿನವರು ವಾಪಸು ಕಳಿಸಿದ್ದ ಕೋಟು ಅದು. ಕಾಜಾ ಗುಂಡಿ ಎಲ್ಲ ನನ್ನ ಕೈಯವೇ. ಅದನ್ನೇ ಹಾಕಿಕೊಂಡು, ರಬಕವಿಗೆ ಹೋಗುವ ಧೈರ್ಯವಿಲ್ಲದೆ, ಜಮಖಂಡಿಯಲ್ಲಿ ಬಸ್ಸು ಇಳಿದೆ. ಚಹಾದ ಅಂಗಡಿಯವನು ಅಲ್ಲಿಂದಲೇ ಕೂಗಿದ: "ಬರ್ರಿ ಹವಾಲ್ದಾರ್ರ, ಲಡಾಯಿ ಮುಗೀತೇನ್ರಿ?"

"ಮುಗೀತ್ರಿ," ಎಂದೆ.

ಇದರಲ್ಲಿ ಸುಳ್ಳೇನಿದೆ? ಲಡಾಯಿ ನಿಜವಾಗಿಯೂ ಮುಗಿದಿತ್ತು. ಆದರೆ ಆ ಒಂದು ಮಾತಿನ ಮೇಲೆ ನನ್ನ ಇಡೀ ಜೀವನ ನಿಂತಿತು. ಹವಾಲ್ದಾರನೆಂದೇ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು, ಕವಾಯತಿನ ತಾಸು ನನ್ನ ಪಾಲಿಗೇ ಬಂತು. ಮುಧೋಳದ ಮಾವನವರು, "ಮಿಲ್ಟ್ರಿ ಮನಷ್ಯಾ ಅದಾನ, ಶಿಸ್ತಿನಿಂದ ಬಾಳೇ ಮಾಡ್ತಾನ" ಎಂದು ಮಗಳು ನೀಲವ್ವನನ್ನು ಕೊಟ್ಟರು. ಓಣಿಯ ಹೆಂಗಸರು ಆಕೆಯನ್ನು ಹವಾಲ್ದಾರ ಬಾಯಿ ಎಂದು ಕರೆದು ಬಾವಿಯ ಕಟ್ಟೆಯ ಮೇಲೆ ಮೊದಲು ಜಾಗ ಬಿಡುತ್ತಿದ್ದರು. ಬರ್ಮಾದ ಲಡಾಯಿಯ ಕಥೆ ಹೇಳಿ ಎಂದು ಯಾರಾದರೂ ಗಂಟುಬಿದ್ದರೆ ಅದಕ್ಕೂ ಕೊರತೆ ಇರಲಿಲ್ಲ. ಅಂಗಡಿಯಲ್ಲಿ ಪ್ಯಾಂಟು ತಯಾರಾಗುವ ತನಕ ಮರದ ಬಾಕಿನ ಮೇಲೆ ಕೂತ ಸಿಪಾಯಿಗಳು ಹೇಳಿದ ಕಥೆಗಳು ಬೇಕಾದಷ್ಟಿದ್ದವು. ಕಥೆಗಳೆಲ್ಲ ಖರೆ. ಅವುಗಳೊಳಗೆ ನಡೆದಾಡಿದವನು ಮಾತ್ರ ನಾನಲ್ಲ.

ಹೀಗೆ ಸುಖವಾಗಿದ್ದಾಗ, ಸಂಸ್ಥಾನ ಹೋಗಿ ನಾವೆಲ್ಲ ಮುಂಬಯಿ ಸರಕಾರದ ಮಂದಿಯಾಗಿ ಕೆಲವು ವರ್ಷಗಳಾದ ಮೇಲೆ, ನಮ್ಮ ಹೆಡ್ ಮಾಸ್ತರರಿಗೆ ಒಂದು ವಿಚಾರ ಹೊಳೆಯಿತು. ಅವರಿಗೆ ವಿಚಾರ ಹೊಳೆದರೆ ಅದನ್ನು ಹೊರುವವರು ನಾವು. ಸಾವಳಗಿಯಲ್ಲಿ ಬೀರಪ್ಪ ಎಂಬ ಕುರುಬರವನಿದ್ದಾನೆ, ಬರ್ಮಾದಲ್ಲಿ ಕಾದಿ ಬಂದವನು ಎಂದು ಅವರ ಕಿವಿಗೆ ಬಿದ್ದಿತ್ತು. ಸ್ವಾತಂತ್ರ್ಯದ ದಿನ ಧ್ವಜದ ಮುಂದೆ ನಮ್ಮಿಬ್ಬರನ್ನೂ ನಿಲ್ಲಿಸಿ ಮಾತಾಡಿಸುವುದು ಎಂದು ಗೊತ್ತು ಮಾಡಿದರು.

"ನೀವ ಹೋಗಿ ಕರಕೊಂಡ ಬರ್ರಿ," ಎಂದರು. "ಫೌಜಿನವರ ಮಾತು ಫೌಜಿನವರಿಗೇ ತಿಳೀತೈತಿ."

ಮನೆಗೆ ಬಂದು ಜ್ವರ ಬಂದಂತಿದೆ ಎಂದೆ. ನೀಲವ್ವ ಹಣೆ ಮುಟ್ಟಿ ನೋಡಿ, "ಬರ್ಮಾದಾಗ ಗುಂಡಿಗೆ ಎದಿ ಕೊಟ್ಟಾವ್ರು ನೀವು, ಸಾವಳಗಿಗೆ ಹೋಗಿ ಬರಾಕ ಏನಾಗೇತ್ರಿ?" ಎಂದು ಖಾಕಿ ಕೋಟನ್ನು ಝಾಡಿಸಿ ಕೈಗೆ ಕೊಟ್ಟಳು. ಹೆಂಡತಿಯ ಅಭಿಮಾನ ಎಷ್ಟು ಕಠಿಣವಾದದ್ದು ಎಂದು ಆ ದಿನ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಲುಕಾಡುತ್ತ ಯೋಚಿಸಿದೆ.

ಬೀರಪ್ಪ ಹಟ್ಟಿಯ ಹೊರಗೆ ಬೇವಿನ ನೆರಳಲ್ಲಿ ನಿಂತು ಉಣ್ಣೆಯ ನೂಲು ತೆಗೆಯುತ್ತಿದ್ದ. ಎತ್ತರದ ಆಳು. ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದ. ಬಂದ ಕೆಲಸ ಹೇಳಿದೆ. ಅವನು ಕಂಬಳಿ ಹಾಸಿ ಕೂಡ್ರಿಸಿ, ಮಜ್ಜಿಗೆ ತಂದುಕೊಟ್ಟು, ನನ್ನ ಕೋಟನ್ನು ನೋಡಿದ.

"ಯಾವ ಪಲ್ಟಣದಾಗ ಇದ್ರಿ ಮಾಸ್ತರ?"

ಮಜ್ಜಿಗೆ ಗಂಟಲಲ್ಲಿ ಸಿಕ್ಕಿತು. ಕೆಮ್ಮಿದೆ. ಎಷ್ಟು ಹೊತ್ತು ಕೆಮ್ಮಲು ಸಾಧ್ಯ? ಮುಗಿಯುವ ತನಕ ಅವನು ತಾಳ್ಮೆಯಿಂದ ಕಾಯ್ದ. ಆಮೇಲೆ ಬಗ್ಗಿ ನನ್ನ ಕೋಟಿನ ಅಂಚನ್ನು ಎರಡು ಬೆರಳಿನಿಂದ ಹಿಡಿದ.

"ಕಾಜಾ ಭಾಳ ಛಲೋ ಅದಾವ್ರಿ," ಎಂದ. "ನಮಗ ಕೊಟ್ಟ ಕೋಟಿಗೆ ಇಂಥಾವ ಇರಲಿಲ್ಲ."

ಏಳು ವರ್ಷದಲ್ಲಿ ನನ್ನ ನಿಜವಾದ ಕೆಲಸವನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಬಾಯಿ ತಡೆಯಲಿಲ್ಲ. "ನಾನ ತಗದಾವ್ರಿ," ಎಂದುಬಿಟ್ಟೆ. ಆಮೇಲೆ ಉಳಿದದ್ದೂ ಹೊರಬಿತ್ತು: ಎರಡು ಬೆರಳು ಕಡಿಮೆ ಬಿದ್ದ ಎದೆ, ಅಂಗಡಿ, ಚಹಾದವನ ಕೂಗು, ಮುಧೋಳದ ಮಾವ, ಎಲ್ಲ. ಬೀರಪ್ಪ ಬಯ್ಯುತ್ತಾನೆ, ಇಲ್ಲವೆ ಕೋಟು ಬಿಚ್ಚು ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ತೊಡೆ ತಟ್ಟಿಕೊಂಡು ನಕ್ಕ.

"ಹಂಗಾರ ನಮ್ಮ ಅಂಗಿಗಿದ್ದಾವು ನಿಮ್ಮ ಗುಂಡಿ ಏನ್ರಿ? ಬರ್ಮಾದ ಮಳಿಯಾಗ ಒಂದೂ ಉಳೀಲಿಲ್ರಿ ಮಾಸ್ತರ. ಅಂಗಿಗೆ ಬಳ್ಳಿ ಕಟಗೊಂಡು ನಡದೀವಿ ನಾವು!"

"ಅವು ನನ್ನವಲ್ಲ," ಎಂದೆ ಸಿಟ್ಟಿನಿಂದ. "ನಾನು ನಾಕ ಸುತ್ತ ದಾರ ಹಾಕಿ ಗಂಟ ಹಾಕ್ತಿದ್ದೆ. ಕೋಟು ಹರದೀತು, ನನ್ನ ಗುಂಡಿ ಕೀಳೂದಿಲ್ಲ."

ಅವನು ನನ್ನ ಕೋಟಿನ ಗುಂಡಿಯೊಂದನ್ನು ಜಗ್ಗಿ ನೋಡಿ, ಹೌದೆಂದು ತಲೆಯಾಡಿಸಿದ. ಕಳಿಸುವಾಗ ಮಾತ್ರ ನಗು ನಿಲ್ಲಿಸಿ, "ನಾ ಬರ್ತೀನ್ರಿ. ನನ್ನಷ್ಟು ನಾ ಹೇಳ್ತೀನಿ. ನಿಮ್ಮದು ನೀವ ನೋಡ್ಕೋರಿ," ಎಂದ. ಹೇಳುತ್ತೇನೆ ಎಂದು ಹೆದರಿಸಲಿಲ್ಲ, ಹೇಳುವುದಿಲ್ಲ ಎಂದು ಸಮಾಧಾನವನ್ನೂ ಕೊಡಲಿಲ್ಲ. ದಾರಿಯುದ್ದಕ್ಕೂ ಅದೇ ನನ್ನನ್ನು ಕೊರೆಯಿತು.

ಧ್ವಜದ ದಿನ ಬೀರಪ್ಪ ಒಗೆದ ಧೋತರ ಉಟ್ಟು ಹೆಗಲ ಮೇಲೆ ಕಂಬಳಿ ಹೊದ್ದು ಬಂದ. ನಾನು ಕೋಟು ಹಾಕಿದ್ದೆ. ನನಗೆ ಹೆಡ್ ಮಾಸ್ತರರ ಪಕ್ಕದಲ್ಲಿ ಖುರ್ಚಿ, ಅವನಿಗೆ ಬದಿಯಲ್ಲಿ ಒಂದು ಬಾಕು. ಊರ ಹಿರಿಯರು ನನಗೆ ಕೈಮುಗಿದು ಮುಂದೆ ಹೋದರು. ಅವನನ್ನು ಯಾರೋ ಕುರಿಯ ದರ ಕೇಳಿದರು. ಹೆಂಗಸರ ಸಾಲಿನಲ್ಲಿ ನೀಲವ್ವ ಇಳಕಲ್ಲ ಸೀರೆ ಉಟ್ಟು ಮುಂದೆಯೇ ಕೂತಿದ್ದಳು.

ಮೊದಲು ಬೀರಪ್ಪನನ್ನು ಮಾತಾಡಲು ಕರೆದರು. ಎದ್ದು ನಿಂತ. "ನನಗ ಮಾತಾಡಾಕ ಬರಂಗಿಲ್ರಿ," ಎಂದ. "ನಮ್ಮ ಕೂಡ ಯಮನಪ್ಪ ಅಂತ ಇದ್ದ. ಗಣಪತ ಅಂತ ಒಬ್ಬ ಇದ್ದ, ಸಾತಾರಾ ಕಡ್ಯಾಂವ. ನದಿ ದಾಟಾಕ ಮೂರೂ ಮಂದಿ ಇಳದಿದ್ವಿ." ಮತ್ತೆ ಏನೋ ಹೇಳಲು ಹೋಗಿ, ಬಾಯಿ ಮುಚ್ಚಿ, ಕೂತುಬಿಟ್ಟ. ಇಷ್ಟಕ್ಕೆ ಭಾಷಣ ಮುಗಿಯಿತೋ ಇಲ್ಲವೋ ತಿಳಿಯದೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಆಮೇಲೆ ನನ್ನನ್ನು ಕರೆದರು. ನನ್ನ ಜೇಬಿನಲ್ಲಿ ಭಾಷಣವಿತ್ತು. ಅದರಲ್ಲೂ ಒಂದು ನದಿ ದಾಟುವುದಿತ್ತು, ಬಹಳ ರಂಗಾಗಿ ಬರೆದಿದ್ದೆ. ಆ ಕಾಗದ ಹೊರಗೆ ತೆಗೆಯಲು ಕೈ ಬರಲಿಲ್ಲ. ಬಾಕಿನ ಮೇಲೆ ಬೀರಪ್ಪ ತನ್ನ ಕಾಲು ನೋಡುತ್ತ ಕೂತಿದ್ದ. ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿಸಿತು: "ನಾನು ಹವಾಲ್ದಾರ ಅಲ್ಲ. ದಂಡಿನಲ್ಲಿ ಒಂದು ದಿನವೂ ಇದ್ದವನಲ್ಲ. ಗುಂಡು ಹಾರಿಸಿದವರು ಇವರು. ನಾನು ಇಂಥವರ ಅಂಗಿಗೆ ಗುಂಡಿ ಹಚ್ಚಿದವನು."

ಮುಗಿಯಿತು, ಇನ್ನು ಕಲ್ಲು ಬೀಳುವುದೊಂದೇ ಬಾಕಿ ಎಂದುಕೊಂಡೆ. ಬಿದ್ದದ್ದು ಚಪ್ಪಾಳೆ. "ವಾಹವ್ವಾ! ಗುಂಡು, ಗುಂಡಿ! ಏನ್ ಮಾತ ಹೇಳಿದ್ರಿ!" ಎಂದು ಯಾರೋ ಕೂಗಿದರು. ಹೆಡ್ ಮಾಸ್ತರರು ಕಣ್ಣೊರೆಸಿಕೊಂಡು ಎದ್ದರು. "ಕೇಳಿದ್ರೇನ್ರಿ? ಇದಕ್ಕ ಅಂತಾರ ವಿನಯ! ಇಷ್ಟ ದೊಡ್ಡ ಲಡಾಯಿ ಮಾಡಿ ಬಂದು, ನಾ ಏನೂ ಮಾಡಿಲ್ಲ ಅಂತಾರ!" ಎಂದು ನನಗೆ ಹಾರ ಹಾಕಿದರು.

"ಖರೇನ ಹೇಳಾಕತ್ತೇನ್ರಿ," ಎಂದೆ. ಚಪ್ಪಾಳೆ ಇನ್ನೂ ಜೋರಾಯಿತು.

ಬೀರಪ್ಪನಿಗೆ ತಡೆಯಲಾಗಲಿಲ್ಲ. ಎದ್ದು, "ಇವ್ರು ಹೇಳೂದು ಖರೆ ಐತ್ರಿ. ಇವ್ರು ದಂಡಿನಾಗ ಇರಲೇ ಇಲ್ಲ," ಎಂದು ಸಾಕ್ಷಿ ಹೇಳಿದ. ಫೌಜಿನ ಗೆಳೆಯರ ಚೇಷ್ಟೆ ಹೀಗೇ ಎಂದು ಎಲ್ಲರೂ ನಕ್ಕರು. ನಾನು ಹಾರ ತೆಗೆದು ಅವನ ಕೊರಳಿಗೆ ಹಾಕಿ, ಕೈಹಿಡಿದು ನನ್ನ ಖುರ್ಚಿಯಲ್ಲಿ ಕೂಡ್ರಿಸಿ, ಬಾಕಿನ ಮೇಲೆ ಹೋಗಿ ಕೂತೆ. ಅದೂ ನನ್ನ ದೊಡ್ಡತನವೆಂದೇ ಗಣನೆಗೆ ಬಂತು. ಖುರ್ಚಿಯಲ್ಲಿ ಬೀರಪ್ಪ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಅಲುಗುತ್ತಿದ್ದ. ನಗುತ್ತಿದ್ದನೋ ಅಳುತ್ತಿದ್ದನೋ ನನಗೆ ಇಂದಿಗೂ ಗೊತ್ತಿಲ್ಲ.

ಇಡೀ ಸಭೆಯಲ್ಲಿ ನನ್ನನ್ನು ನಂಬಿದವಳು ಒಬ್ಬಳೇ. ಮನೆಗೆ ಬಂದ ಮೇಲೆ ನೀಲವ್ವ ಕದ ಎಳೆದು ಮುಚ್ಚಿ, "ನೀವು ಹೇಳಿದ್ದು ಖರೆ ಐತಿ, ಹೌದಲ್ರಿ?" ಎಂದಳು.

"ಹೌದು."

"ಲಗ್ನಾದಾಗಿಂದ ನಿಮಗ ಅಂಜಿಕೊಂಡು ರೊಟ್ಟಿ ಬಡದೇನಿ. ದುಂಡಗ ಆಗದಿದ್ರ ಮಿಲ್ಟ್ರಿ ಮನಷ್ಯಾಗ ಸಿಟ್ಟು ಬರ್ತೈತಿ ಅಂತ ಅವ್ವ ಹೇಳಿ ಕಳಿಸಿದ್ಳು."

ಆಮೇಲೆ ನಾಲ್ಕು ದಿನ ಮಾತಿಲ್ಲ. ರೊಟ್ಟಿಗಳು ನಕಾಶೆಯ ಬೇರೆ ಬೇರೆ ದೇಶಗಳ ಆಕಾರದಲ್ಲಿ ತಾಟಿಗೆ ಬಂದವು. ರುಚಿ ಮಾತ್ರ ಮೊದಲಿಗಿಂತ ಹೆಚ್ಚಾಗಿತ್ತು. ಅಂಜಿಕೆ ಇಲ್ಲದ ಕೈಯ ರೊಟ್ಟಿ ಮೆತ್ತಗಿರುತ್ತದೆ. ಐದನೆಯ ದಿನ ಹರಿದ ಕುಬಸಗಳ ಗಂಟೊಂದನ್ನು ತಂದು ನನ್ನ ಮುಂದೆ ಸುರಿದು, "ಬರ್ರಿ, ನಿಮ್ಮ ಲಡಾಯಿ ಹೆಂಗ ಮಾಡಿದ್ರಿ ನೋಡೂಣು," ಎಂದಳು. ನಾನು ಹೊಲಿದೆ, ಆಕೆ ಪಕ್ಕದಲ್ಲಿ ಕೂತು ತಪ್ಪು ಹುಡುಕಿದಳು. ಹವಾಲ್ದಾರನಿಗೆ ಎದುರು ಮಾತಾಡದ ಹೆಂಗಸು ಸಿಂಪಿಗನ ಜೊತೆ ಸಂಜೆಯ ತನಕ ವಾದ ಮಾಡಿದಳು. ಮದುವೆಯಾದ ಮೇಲೆ ನಾವಿಬ್ಬರೂ ಅಷ್ಟು ನಕ್ಕದ್ದು ಅಂದೇ. ಬೀರಪ್ಪ ಪೇಟೆಗೆ ಬಂದಾಗಲೆಲ್ಲ ಈಗ ನಮ್ಮ ಮನೆಯಲ್ಲೇ ಊಟ. ಆಕೆ ಕೇಳಿದರೆ ಯಮನಪ್ಪನ ವಿಷಯ ಸ್ವಲ್ಪ ಸ್ವಲ್ಪ ಹೇಳುತ್ತಾನೆ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಸುಧಾರಿಸಿದ ಮನುಷ್ಯನೆಂದು ನೀವು ನಂಬುತ್ತಿದ್ದಿರಿ. ಆದರೆ ಮುಂದಿನ ತಿಂಗಳು ಬೀಳಗಿ ಕಡೆಯ ಅನಗವಾಡಿ ಶಾಲೆಯಿಂದ ಕಾಗದ ಬಂತು. ಆ ವಿನಯದ ಭಾಷಣವನ್ನು ತಮ್ಮಲ್ಲಿಯೂ ಮಾಡಬೇಕಂತೆ. ಸತ್ಯವನ್ನು ಎಷ್ಟು ಊರಲ್ಲಿ ಹೇಳಿದರೂ ಪುಣ್ಯವೇ ಎಂದು ಒಪ್ಪಿಕೊಂಡೆ. ಹೊರಡುವ ದಿನ ಕನ್ನಡಿಯ ಮುಂದೆ ನಿಂತು, "ನಾನು ಹವಾಲ್ದಾರ ಅಲ್ಲ" ಎನ್ನುವಲ್ಲಿ ತಲೆ ಎಷ್ಟು ತಗ್ಗಿಸಬೇಕು, "ಗುಂಡಿ" ಎನ್ನುವ ಮೊದಲು ಎಷ್ಟು ತಡೆಯಬೇಕು ಎಂದು ರೂಢಿ ಮಾಡಿಕೊಳ್ಳುತ್ತಿದ್ದೆ. ಒಳಗಿನಿಂದ ನೀಲವ್ವನ ದನಿ ಬಂತು:

"ಸುಳ್ಳ ಹೇಳೂ ಮುಂದ ಒಂದಿನಾನೂ ಕನ್ನಡಿ ನೋಡಿದಾವ್ರಲ್ಲ. ಖರೆ ಹೇಳಾಕ ಇಷ್ಟ ತಯಾರಿ ಯಾಕ್ರಿ?"

ಕನ್ನಡಿಯಿಂದ ದೂರ ಸರಿದೆ. ಸರಿಯುವ ಮೊದಲು ಮಾತ್ರ ಇನ್ನೊಮ್ಮೆ ನೋಡಿಕೊಂಡೆ. ತಲೆ ತಗ್ಗಿಸಿದ್ದು ಚೆನ್ನಾಗಿಯೇ ಬಂದಿತ್ತು.