ಅಟ್ಟದ ರೇಲಿಂಗು ಯಾವ ಕಡೆಗೆ?

ಕೆಲವು ಪ್ರಶ್ನೆಗಳಿಗೆ, ಯಾರಾದರೂ ಕೇಳುವವರೆಗೆ ಮಾತ್ರ ನಮಗೆ ಉತ್ತರ ಗೊತ್ತಿರುತ್ತದೆ. ಎಡ ಯಾವುದು, ಬಲ ಯಾವುದು ಎಂಬುದು ಅಂಥ ಪ್ರಶ್ನೆ. ಇಪ್ಪತ್ತೆಂಟು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ‘ಎಡಕ್ಕೆ ತಿರುಗ್, ಬಲಕ್ಕೆ ತಿರುಗ್’ ಎಂದು ಗಂಟಲು ಹರಿದುಕೊಂಡ ಪಿ.ಟಿ. ಮೇಷ್ಟ್ರು ನಾನು. ಕಿಬ್ಬನಹಳ್ಳಿಯ ಬಡಗಿ ಆಚಾರ್ರು ನಮ್ಮನೆ ಅಟ್ಟದ ಮೆಟ್ಟಿಲ ಬುಡದಲ್ಲಿ ನಿಂತು, ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು, “ರೇಲಿಂಗು ಯಾವ ಕಡೆಗೆ ಮೇಷ್ಟ್ರೇ?” ಎಂದು ಕೇಳಿದ ಗಳಿಗೆಯಿಂದ ಆ ವಿದ್ಯೆ ನನ್ನನ್ನು ಬಿಟ್ಟುಹೋಗಿದೆ.

ರೇಲಿಂಗು ಬೇಕಾಗಿದ್ದು ಅವ್ವನಿಗೆ. ಎಪ್ಪತ್ತೆಂಟು ದಾಟಿದ ನಮ್ಮವ್ವ ದಿನಾ ಮಧ್ಯಾಹ್ನ ಉಂಡು ಅಟ್ಟ ಹತ್ತುತ್ತಾಳೆ. ಅಲ್ಲಿ ಕೊಬ್ಬರಿಗೆಂದು ಹಾಕಿದ ಕಾಯಿ ತಿಂಗಳುಗಟ್ಟಲೆ ಒಣಗುತ್ತಿರುತ್ತದೆ. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಒಳಗೆ ಲೊಟಲೊಟ ಅಂದರೆ ಕೊಬ್ಬರಿಯಾಗಿದೆ, ಆ ಮೂಲೆಗೆ. ನೀರು ಕುಲುಕಿದರೆ ಇನ್ನೂ ಕಾಯಬೇಕು, ಈ ಮೂಲೆಗೆ. ನನ್ನ ಹೆಂಡತಿ ಸರೋಜ, “ಈ ವಯಸ್ಸಲ್ಲಿ ಬಿದ್ದು ಸೊಂಟ ಮುರ್ಕೊಂಡ್ರೆ ಏನ್ ಗತಿ ಕಣ್ರೀ? ಅಟ್ಟಕ್ಕೆ ಬೀಗ ಹಾಕಿ” ಎಂದಳು. ಅವ್ವ ಅವತ್ತು ಮುದ್ದೆ ಮುಟ್ಟಲಿಲ್ಲ. “ಹಾಕ್ಬುಡು ಬೀಗ. ಹಂಗೇ ನನ್ನೂ ಒಂದು ಮೂಲೇಲಿ ಕೂರಿಸ್ಬುಡು” ಎಂದಳು. ಇಬ್ಬರಿಗೂ ಸಮಾಧಾನವಾಗಲೆಂದು, ಕೊಟ್ಟಿಗೆಯಲ್ಲಿ ಒಣಗಿಸಿಟ್ಟಿದ್ದ ಹಲಸಿನ ತೊಲೆ ಹೊರಗೆಳೆದು ಆಚಾರ್ರಿಗೆ ಹೇಳಿ ಕಳಿಸಿದೆ.

ನಮ್ಮ ಮೆಟ್ಟಿಲು ಎರಡು ಗೋಡೆಗಳ ನಡುವೆ ಇಕ್ಕಟ್ಟಾಗಿದೆ. ಎರಡೂ ಕಡೆ ರೇಲಿಂಗು ಹಾಕಿದರೆ ಕಾಯಿ ಮೂಟೆ ಹೊತ್ತವರು ನುಸುಳಲಾಗದು. ಅವ್ವನಿಗೆ ಬಲಗೈ ಗಟ್ಟಿ, ಹಾಗಾಗಿ “ಬಲಗಡೆ” ಎಂದೆ. “ಹತ್ತುವಾಗಿನ ಬಲವೋ, ಇಳಿಯುವಾಗಿನ ಬಲವೋ?” ಎಂದರು ಆಚಾರ್ರು. ಜನ ಬೀಳುವುದು ಇಳಿಯುವಾಗ ತಾನೇ? ಇಳಿಯುವಾಗಿನ ಬಲ ಅಂದರೆ ಹತ್ತುವಾಗಿನ ಎಡ. “ಹಂಗಾದ್ರೆ ಎಡಗಡೆ” ಎಂದೆ. ಅಷ್ಟರಲ್ಲಿ ಸರೋಜ ಒಳಗಿಂದ, “ಅತ್ತೆ ಇಳಿಯೋದು ಹಿಮ್ಮುಖವಾಗಿ ಅಲ್ವೇನ್ರೀ?” ಎಂದಳು. ಅಯ್ಯೋ, ಹೌದಲ್ಲ! ಹಿಂದೆ ಅಲ್ಲಿ ಏಣಿ ಇತ್ತು. ಗಾರೆ ಮೆಟ್ಟಿಲು ಬಂದರೂ ಅವ್ವ ಏಣಿಯ ಅಭ್ಯಾಸ ಬಿಟ್ಟಿಲ್ಲ. ಮೆಟ್ಟಿಲಿಗೇ ಮುಖ ಮಾಡಿ, ಎರಡೂ ಕೈ ಊರಿ ಇಳಿಯುತ್ತಾಳೆ. ಹಿಮ್ಮುಖ ಇಳಿದರೆ ಬಲ ಬಲವೇ. ಅಥವಾ ಅಲ್ಲವೇ? ಖಾತ್ರಿ ಮಾಡಿಕೊಳ್ಳಲು ಐದನೇ ಮೆಟ್ಟಿಲ ಮೇಲೆ ನಿಂತು, ‘ಹಿಂದಕ್ಕೆ ತಿರುಗ್’ ಎಂದು ನನಗೆ ನಾನೇ ಆಜ್ಞೆ ಕೊಟ್ಟುಕೊಂಡು ತಿರುಗಿದೆ. ತಲೆಯೂ ತಿರುಗಿತು. ಆಚಾರ್ರು ನೆಮ್ಮದಿಯಾಗಿ ಬೀಡಿ ಹಚ್ಚಿದರು.

“ನೀವು ಸ್ಕೂಲಿಗೆ ಹೋಗ್ಬನ್ನಿ. ನಾನು ಅವ್ವಾರ್ನೇ ಕೇಳ್ಕತೀನಿ” ಎಂದರು. ಎರಡು ದಿನ ಕಳೆದು ಸಂಜೆ ಬಂದು ನೋಡುತ್ತೇನೆ, ಹಲಸಿನ ರೇಲಿಂಗು ಅರಿಶಿನ ಹಚ್ಚಿದ ಹಾಗೆ ಹೊಳೆಯುತ್ತಿದೆ. ಆದರೆ ಅವ್ವನ ಹೆಗಲೆತ್ತರಕ್ಕಿದೆ! ನನಗೆ ರೇಗಿಹೋಯಿತು. “ಏನ್ರೀ ಆಚಾರ್ರೇ ಇದು? ಅವ್ವ ಇದನ್ನ ಹಿಡಿದು ನೇತಾಡಬೇಕಾ?” ಎಂದೆ. “ಅವ್ವಾರೇ ಹೇಳಿದ ಅಳತೆ, ಬುಡಿ” ಎಂದರು.

ಅವ್ವ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದಳು. “ನಂಗ್ಯಾಕ್ಲಾ ಅದು? ನಾನು ಎರಡು ಕೈ ಊರ್ಕಂಡು ಇಳಿಯೋಳು. ನೀನು ಬಲಗೈಲಿ ಮೊಬೈಲ್ ನೋಡ್ಕಂಡು ಇಳೀತೀಯ, ಎಡಗೈ ಸುಮ್ನೆ ಬಿದ್ದಿರ್ತದೆ. ಅದ್ಕೇ ಅದು ಸಿಗೋ ಕಡೀಕೆ, ನಿನ್ನೆತ್ತರಕ್ಕೆ ಹಾಕ್ಸಿದೀನಿ. ಹೋದ ವಾರ ನಾಕು ಮೆಟ್ಲು ಜಾರ್ಕಂಡು ಹೋದ್ಯಲ್ಲ, ಮೇಲಿಂದ ನಾ ನೋಡ್ಲಿಲ್ಲ ಅಂದ್ಕಂಡ್ಯಾ? ಎದೆ ಧಸಕ್ಕಂತು ಕಣಪ್ಪ.”

ಜಾರಿದ್ದು ನಿಜ. ಪಿ.ಟಿ. ಮೇಷ್ಟ್ರು ಮನೆ ಮೆಟ್ಟಿಲಲ್ಲಿ ಬಿದ್ದರು ಅಂತ ಗೊತ್ತಾದರೆ ಹುಡುಗರು ಶಿಳ್ಳೆ ಹೊಡೆದಾರೆಂದು ಯಾರಿಗೂ ಹೇಳಿರಲಿಲ್ಲ. ಸೊಂಟಕ್ಕೆ ಮುಲಾಮು ಹಚ್ಚಿದ ಸರೋಜಳಿಗೂ ವಾಲಿಬಾಲ್ ಆಡುವಾಗ ಹಿಡಿದುಕೊಂಡಿತು ಎಂದಿದ್ದೆ. ಅವಳು ಈಗ ನನ್ನನ್ನು ನೋಡಿದ ನೋಟದಲ್ಲಿ ಒಂದು ಕ್ರೀಡಾಕೂಟದ ಜ್ಯೋತಿಗಾಗುವಷ್ಟು ಬೆಂಕಿ ಇತ್ತು. ನಾಚಿಕೆಯಾಯಿತು, ಅವ್ವನ ಮೇಲೆ ಅಕ್ಕರೆಯೂ ಉಕ್ಕಿತು. ಎರಡನ್ನೂ ಒಟ್ಟಿಗೆ ಮುಖದ ಮೇಲೆ ತರುವುದು ಹೇಗೆಂದು ತಿಳಿಯದೆ ಎಡಗೈಯಲ್ಲಿ ರೇಲಿಂಗು ಹಿಡಿದು ನೋಡಿದೆ.

ಮರುದಿನವೇ ಸರೋಜ ಹೊಸ ಬೀಗ ತಂದು ಅಟ್ಟಕ್ಕೆ ಹಾಕಿದಳು. ಬೀಗದ ಕೈ ಅವ್ವನ ಸೊಂಟದಲ್ಲಿದೆ. ನಾನು ಮೇಲೆ ಹೋಗಬೇಕೆಂದರೆ ಮೊಬೈಲನ್ನು ಅವ್ವನ ಕೈಗೆ ಕೊಟ್ಟು ಅಪ್ಪಣೆ ಕೇಳಬೇಕು. ನಾನು ಇಳಿದು ಬರುವವರೆಗೆ ಅವಳು ಕೆಳಗೆ ನಿಂತು ಕಾಯುತ್ತಾಳೆ.