ಚಂದ್ರಪ್ರಭಾ ಸೌಟು ಕೆಳಗಿಟ್ಟ ದಿನ

ಎಲ್ಲಾ ಶುರುವಾದದ್ದು ಒಂದೇ ಒಂದು ಮಾತಿನಿಂದ. ಬೆಳಿಗ್ಗೆ ಕಸದ ಚೀಲ ಹಿಡಿದು ಮೆಟ್ಟಿಲಿಳಿಯುತ್ತಿದ್ದ ಚಂದ್ರಪ್ರಭಾಳನ್ನು ಕೆಳಗಿನ ಮನೆಯ ಮರೈಕೆ ಅಡ್ಡಗಟ್ಟಿ, ಕಸದ ಚೀಲದ ಸಮೇತ ತಬ್ಬಿಕೊಂಡು, ಈ ದೇಶದ ಪದ್ಧತಿಯಂತೆ ಆ ಕೆನ್ನೆ, ಈ ಕೆನ್ನೆ, ಮತ್ತೆ ಆ ಕೆನ್ನೆ ಎಂದು ಮೂರು ಸಲ ಮುತ್ತಿಕ್ಕಿ, "ಖಫೆಲಿಸಿಟೇರ್ಟ್" ಎಂದಳು. ಗಂಟಲಲ್ಲಿ ಕಫ ಸಿಕ್ಕವರು ಕೆಮ್ಮಿದಂತೆ ಶುರುವಾಗುವ ಈ ಪದಕ್ಕೆ ಡಚ್ಚಿನಲ್ಲಿ ಅಭಿನಂದನೆ ಎಂದು ಅರ್ಥ.

ಬೇರೆ ದಿನವಾಗಿದ್ದರೆ ಚಂದ್ರಪ್ರಭಾ ಯಾತಕ್ಕೆ ಎಂದು ಕೇಳುತ್ತಿದ್ದಳೇನೋ. ಅಂದು ಅದರ ಅಗತ್ಯವೇ ಅವಳಿಗೆ ಕಾಣಲಿಲ್ಲ. ಐವತ್ತು ದಾಟಿದ ಮೇಲೆ ಅವಳು ಆಮರ್ಸ್‌ಫೋರ್ಟಿನ ಒಂದು ಕಾಲೇಜಿನಲ್ಲಿ, ಓದು ಬಿಟ್ಟು ವರ್ಷಗಟ್ಟಲೆ ಆದವರಿಗೆಂದೇ ಸಂಜೆ ಹೊತ್ತು ನಡೆಸುವ ಬಿಸಿನೆಸ್ ಕೋರ್ಸಿಗೆ ಸೇರಿದ್ದಳು. ಮೊದಲ ವರ್ಷದ ಕೊನೆಯ ಪರೀಕ್ಷೆ ಮುಗಿದಿತ್ತು. ಇಲ್ಲಿ ಮೊದಲ ವರ್ಷ ದಾಟದವರನ್ನು ನಗುನಗುತ್ತಲೇ ಮನೆಗೆ ಕಳಿಸಿಬಿಡುತ್ತಾರೆ, ಆ ಕಾಲೇಜಿನಲ್ಲಿ ಅದೇ ಕೋರ್ಸಿಗೆ ಮತ್ತೆ ಸೇರಿಸಿಕೊಳ್ಳುವುದಿಲ್ಲ. ಪಾಠ ಮಾಡುವ ಹೆಂಕ್ ಸೋಮವಾರ ಫೋನ್ ಮಾಡಿ ಫಲಿತಾಂಶ ಹೇಳುತ್ತೇನೆ ಎಂದಿದ್ದ. ಇವತ್ತೇ ಆ ಸೋಮವಾರ. ಮರೈಕೆಯ ಗಂಡ ಅದೇ ಕಾಲೇಜಿನ ಲೈಬ್ರರಿಯಲ್ಲಿ ಕೆಲಸಕ್ಕಿರುವವನು. ಹೆಂಕ್‌ಗಿಂತ ಮೊದಲು ಅವನಿಗೆ ಗೊತ್ತಾಗಿ, ಅವನಿಂದ ಹೆಂಡತಿಗೆ ಗೊತ್ತಾಗಿದ್ದರೆ ಅದರಲ್ಲಿ ಆಶ್ಚರ್ಯವೇನು?

"ಥ್ಯಾಂಕ್ಸ್ ಮರೈಕೆ. ಸಂಜೆ ಮನೆಗೆ ಬನ್ನಿ," ಎಂದಳು ಚಂದ್ರಪ್ರಭಾ, ಕಣ್ಣಲ್ಲಿ ನೀರು ತಂದುಕೊಂಡು.

"ಬರದೆ ಇರ್ತೀನಾ," ಎಂದಳು ಮರೈಕೆ.

ಈ ಪಾಸಿನ ಮೇಲೆ ಚಂದ್ರಪ್ರಭಾಳ ಮರ್ಯಾದೆ ಮಾತ್ರವಲ್ಲ, ಅವಳ ರಟ್ಟೆಗಳ ಭವಿಷ್ಯವೂ ನಿಂತಿತ್ತು. ಊರಿನ ಕನ್ನಡ ಬಳಗದಲ್ಲಿ ಹಬ್ಬದೂಟದ ಉಸ್ತುವಾರಿ ಎಂಬ ಒಂದು ಹುದ್ದೆಯಿದೆ. ಅದನ್ನು ವಹಿಸಿಕೊಂಡವರು ಮುಂದಿನ ವರ್ಷ ಬಳಗಕ್ಕೇ ಬರುವುದಿಲ್ಲ. ಎಲ್ಲರ ಕಣ್ಣೂ ಚಂದ್ರಪ್ರಭಾಳ ಮೇಲಿತ್ತು, ಏಕೆಂದರೆ ಅವಳ ಬಿಸಿಬೇಳೆ ಭಾತ್ ತಿಂದವರು ಮೈಸೂರನ್ನು ಸ್ವಲ್ಪ ಹೊತ್ತು ಮರೆಯುತ್ತಿದ್ದರು. ಯುಗಾದಿ ಊಟದಲ್ಲಿ ಬಳಗದ ಕಾರ್ಯದರ್ಶಿ ಸರಳಾ ಎಲ್ಲರೆದುರೇ ಕೇಳಿದ್ದಳು.

"ಈ ಏಜಲ್ಲಿ ಬಿಸಿನೆಸ್ ಓದಿ ಏನ್ ಮಾಡ್ತೀರಾ ಆಂಟಿ? ಅದೇ ಟೈಮಲ್ಲಿ ಬಳಗದ ಅಡುಗೆ ನೋಡ್ಕೊಂಡ್ರೆ ನಾಲ್ಕ್ ಜನಕ್ಕೆ ಉಪಯೋಗ ಆಗುತ್ತೆ."

ಸರಳಾ ಅವಳಿಗಿಂತ ಹೆಚ್ಚು ಚಿಕ್ಕವಳೇನಲ್ಲ. ಆ 'ಆಂಟಿ' ಎಂಬ ಪದ ಚಂದ್ರಪ್ರಭಾಳ ಮೈಯೆಲ್ಲಾ ಉರಿಸಿತು. ಮೈಸೂರಿನಲ್ಲಿ ಬಿಕಾಂ ಅರ್ಧಕ್ಕೆ ಬಿಡಿಸಿ ಮದುವೆ ಮಾಡಿದಾಗಲೂ ಎಲ್ಲರೂ ಇದೇ ಉಪಯೋಗದ ಮಾತಾಡಿದ್ದರು. ಆಗ ಬಾಯಿ ಮುಚ್ಚಿಕೊಂಡಿದ್ದವಳು ಈಗ ಮುಚ್ಚಿಕೊಳ್ಳಲಿಲ್ಲ.

"ಫೇಲಾದ್ರೆ ಅಡುಗೆ ಉಸ್ತುವಾರಿ ನಂದೇ, ಬರ್ಕೊಳ್ಳಿ. ಪಾಸಾದ್ರೆ ಮಾತ್ರ ಬಳಗದ ಸೌಟು ಮುಟ್ಟೋಳಲ್ಲ ನಾನು," ಎಂದು ಸಾಂಬಾರಿನ ಬಕೆಟ್ಟು ಕೈಯಲ್ಲಿರುವಾಗಲೇ ಶಪಥ ಮಾಡಿಬಿಟ್ಟಿದ್ದಳು.

ಹೀಗಾಗಿ ಮರೈಕೆಯ ಅಭಿನಂದನೆ ಕಿವಿಗೆ ಬಿದ್ದದ್ದೇ ತಡ, ಅವಳು ಕೆಳಗಿನ ಗೋದಾಮಿಗೆ ಹೋಗಿ, ಜಾಗವಿದೆ ಎಂಬ ನೆಪದಲ್ಲಿ ಬಳಗದವರು ಅವಳ ತಲೆಗೆ ಕಟ್ಟಿದ್ದ ದೊಡ್ಡ ಕೊಳದಪ್ಪಲೆಯನ್ನೂ ಮೊಳದುದ್ದದ ಸೌಟನ್ನೂ ಹೊರಗೆಳೆದಳು. ಎರಡನ್ನೂ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಸೀದಾ ಸರಳಾಳ ಮನೆ ಬಾಗಿಲಿಗೆ ಹೋದಳು.

ಮನೆಯಿಂದಲೇ ಆಫೀಸು ನಡೆಸುತ್ತಿದ್ದ ಸರಳಾ ತಲೆಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡೇ ಬಾಗಿಲು ತೆರೆದಳು. "ಏನ್ ಆಂಟಿ ಇದು, ಪಾತ್ರೆ ಸಮೇತ ಬಂದಿದೀರಾ?"

"ಪಾಸಾದೆ ಸರಳಾ. ಇದು ನಿಮ್ಮ ಕೊಳದಪ್ಪಲೆ, ಇದು ನಿಮ್ಮ ಸೌಟು. ಗಣೇಶನ ಹಬ್ಬಕ್ಕೆ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ." ಚಂದ್ರಪ್ರಭಾ ಸೌಟನ್ನು ಹೊಸಿಲ ಮುಂದೆ ಇಟ್ಟ ರೀತಿ ಯುದ್ಧ ಗೆದ್ದು ಬಂದ ರಾಜರು ಕತ್ತಿ ಕೆಳಗಿಡುವ ಹಾಗಿತ್ತು.

"ಮೇಲ್ ಬಂತಾ?"

"ಮೇಲ್ ಯಾಕೆ ಬೇಕು? ಇಡೀ ಬಿಲ್ಡಿಂಗಿಗೇ ಗೊತ್ತಾಗಿದೆ."

ಸರಳಾಳ ಮುಖ ಒಂದು ಗಳಿಗೆ ಸಪ್ಪಗಾಯಿತು. ಆದರೆ ಬಳಗದ ಕಾರ್ಯದರ್ಶಿಯಾಗಿ ಅಷ್ಟು ವರ್ಷ ಉಳಿದವಳು ಸುಮ್ಮನೆ ಉಳಿದಿರಲಿಲ್ಲ. "ಕಂಗ್ರಾಟ್ಸ್ ಆಂಟಿ. ಹಂಗಾದ್ರೆ ಪಾರ್ಟಿ ಇವತ್ತೇ ಇಟ್ಕೊಳ್ಳಿ. ಪಾಸಾದೋರು ಊಟ ಹಾಕ್ದೆ ಇರ್ತಾರಾ? ಇಲ್ಲಾ ಅಂದ್ರೆ ಜನ ನಂಬೋದೂ ಇಲ್ಲ."

ಕೊನೆಯ ಮಾತು ಚುಚ್ಚಿತು. "ಬರಲಿ, ಎಲ್ರೂ ಬರಲಿ. ಹೊಟ್ಟೆ ಬಿರಿಯೋ ಹಾಗೆ ಹಾಕ್ತೀನಿ," ಎಂದಳು ಚಂದ್ರಪ್ರಭಾ.

ಅವಳು ಮನೆ ಮುಟ್ಟುವಷ್ಟರಲ್ಲಿ ಬಳಗದ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂದಿತ್ತು: ಸಂಜೆ ಚಂದ್ರಪ್ರಭಾ ಆಂಟಿ ಮನೆಯಲ್ಲಿ ಬಿಸಿಬೇಳೆ ಭಾತ್, ಎಲ್ಲರೂ ಬನ್ನಿ. ಹೆಬ್ಬೆರಳು ಎತ್ತಿದವರ ಸಾಲನ್ನು ಅವಳು ಮೇಲಿಂದ ಕೆಳಗೆ ಎಣಿಸಿದಳು. ಮನೆಯಲ್ಲಿದ್ದ ದೊಡ್ಡ ಕುಕ್ಕರಿನಲ್ಲಿ ಮಾಡಿದರೆ ಅರ್ಧ ಜನಕ್ಕೂ ಸಾಲದು. ಅಷ್ಟು ಜನಕ್ಕೆ ಆಗುವ ಪಾತ್ರೆ ಊರಿನಲ್ಲಿ ಒಂದೇ ಒಂದು. ಅದನ್ನು ಅವಳು ಈಗಷ್ಟೇ ಬಿಸಾಕಿ ಬಂದಿದ್ದಳು.

ಮತ್ತೆ ಸೈಕಲ್ಲು, ಮತ್ತೆ ಸರಳಾಳ ಬಾಗಿಲು. ಸರಳಾ ಬಾಗಿಲು ತೆರೆದಳು. ಒಳಗಿಂದ ಕೊಳದಪ್ಪಲೆ ತಂದುಕೊಟ್ಟು, ಮೇಲೆ ಸೌಟನ್ನೂ ಇಟ್ಟು, "ಬಳಗದ್ದು ಆಂಟಿ, ನಾಳೆ ತೊಳೆದು ಕೊಡಿ," ಎಂದಳಷ್ಟೆ. ಅವಳು ಆಡಿಕೊಂಡು ನಕ್ಕಿದ್ದರೇ ಚೆನ್ನಾಗಿತ್ತು.

ಇಟ್ಟಿಗೆ ಹಾಸಿದ ಬೀದಿಯಲ್ಲಿ ಸೈಕಲ್ಲು ಕುಪ್ಪಳಿಸಿದಾಗೆಲ್ಲ ಸೌಟು ಪಾತ್ರೆಗೆ ಬಡಿದು ಜಾಗಟೆ ಬಾರಿಸಿದಂತಾಗುತ್ತಿತ್ತು. ಕಿಟಕಿಗಳಿಂದ ತಲೆಗಳು ಹೊರಬಂದವು. 'ನೋಡ್ಕೊಳ್ಳಲಿ,' ಎಂದುಕೊಂಡು ಚಂದ್ರಪ್ರಭಾ ಇನ್ನಷ್ಟು ಜೋರಾಗಿ ಪೆಡಲ್ ತುಳಿದಳು. ಅದು ಬಳಗದ ಅಡುಗೆಯಲ್ಲ, ತನ್ನ ಗೆಲುವಿನ ಅಡುಗೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬಿಲ್ಡಿಂಗಿನ ಬಾಗಿಲಲ್ಲಿ ಸಿಕ್ಕಿದ, ಸದಾ ನಾಯಿ ಹಿಡಿದೇ ಓಡಾಡುವ ಮುದುಕಪ್ಪ, ಮರೈಕೆಯ ಎದುರುಮನೆಯವನು, ಟೋಪಿ ತೆಗೆದು "ಖಫೆಲಿಸಿಟೇರ್ಟ್" ಎಂದ. ವರ್ಷವಿಡೀ ಗುರುಗುಟ್ಟುವುದೊಂದೇ ಗೊತ್ತಿದ್ದ ಮನುಷ್ಯ. ಚಂದ್ರಪ್ರಭಾಳಿಗೆ ಇನ್ನು ಯಾವ ಅನುಮಾನವೂ ಉಳಿಯಲಿಲ್ಲ. ಅವನನ್ನೂ ಊಟಕ್ಕೆ ಕರೆದಳು.

ಆಮೇಲೆ ಇಡೀ ದಿನ ಒಲೆಯ ಮುಂದೆಯೇ ಕಳೆಯಿತು. ಬೇಳೆ ಬೇಯುವಾಗ, ಮಸಾಲೆ ಹುರಿಯುವಾಗ, ಮಿಕ್ಸಿ ತಿರುಗುವಾಗ ಫೋನು ಎಲ್ಲೋ ಹೊಡೆದುಕೊಳ್ಳುತ್ತಿತ್ತು. ಹುಣಸೆರಸದ ಕೈ ಒರೆಸಿಕೊಂಡು ನೋಡಿದರೆ ಹೆಂಕ್‌ನ ಹೆಸರು. ಅಭಿನಂದನೆ ಹೇಳಲು ತಾನೇ, ಸಂಜೆ ನಿಧಾನವಾಗಿ ಹೇಳಿಸಿಕೊಂಡರಾಯಿತು ಎಂದು ಅವಳು ಒಗ್ಗರಣೆಗೆ ತುಪ್ಪ ಇಟ್ಟಳು.

ಸಂಜೆಗೆ ಮನೆ ತುಂಬಿತು. ಬಳಗದ ಅಧ್ಯಕ್ಷ ಮುರುಗೆಪ್ಪ ಹುಬ್ಬಳ್ಳಿಯವರು. ತಟ್ಟೆ ಕೈಗೆ ಬರುವ ಮುನ್ನ ಭಾಷಣ ಮಾಡದಿದ್ದರೆ ಅವರಿಗೆ ಅನ್ನ ಇಳಿಯದು.

"ನೋಡ್ರಿ, ಮಂದಿ ಐವತ್ತಾತು ಅಂದ್ರ ಮೊಣಕಾಲ ಹಿಡ್ಕೊಂಡು ಕುಂದರ್ತಾರ. ಇವ್ರು ಪುಸ್ತಕ ಹಿಡ್ಕೊಂಡು ಕುಂತ್ರು. ಡಚ್ಚಿನ್ಯಾಗ ಓದಿ, ಡಚ್ಚಿನ್ಯಾಗ ಬರದು, ಡಚ್ಚರ ಮುಂದ ಪಾಸಾಗ್ಯಾರ. ಚಂದ್ರಕ್ಕಾರ, ನಿಮ್ಮ ಹಟಕ್ಕ ಒಂದು ನಮಸ್ಕಾರ."

ಚಪ್ಪಾಳೆ ಬಿತ್ತು. ಮೂಲೆಯಲ್ಲಿ ನಿಂತ ಸರಳಾ ಕೂಡ ತಟ್ಟಿದಳು. ಅಷ್ಟರಲ್ಲಿ ಆಫೀಸಿನಿಂದ ಚಂದ್ರಪ್ರಭಾಳ ಗಂಡ ಅನಂತರಾಮ ಬಂದ. ಕೈಯಲ್ಲೊಂದು ದೊಡ್ಡ ಹೂಗುಚ್ಛ, ಮುಖದಲ್ಲಿ ಸುಸ್ತು. ಮದುವೆಯಾದಾಗಿನಿಂದ ಹೇಳದೆ ಒಂದು ಮೊಳ ಮಲ್ಲಿಗೆ ತಂದವನಲ್ಲ. ಚಂದ್ರಪ್ರಭಾ ಎಲ್ಲರೆದುರು ಹೋಗಿ ಹೂಗುಚ್ಛವನ್ನು ಅವನ ಕೈಯಿಂದ ತೆಗೆದುಕೊಂಡಳು.

"ನಿಮಗೆ ಯಾರು ಹೇಳಿದ್ರು?" ಎಂದಳು ಮೆಲ್ಲಗೆ.

"ಏನನ್ನ?" ಎಂದ ಅನಂತರಾಮ, ಮನೆ ತುಂಬಾ ಇದ್ದ ಜನರನ್ನು ಕಣ್ಣರಳಿಸಿ ನೋಡುತ್ತಾ. "ಅಲ್ಲ ಕಣೇ, ಇವರನ್ನೆಲ್ಲ ನೀನು ಕರೆದ್ಯಾ?"

ಅವನ ಬೆನ್ನ ಹಿಂದೆಯೇ ಮರೈಕೆ ಬಂದಳು. ಬಂದವಳು ಸಾಲಾಗಿ ಎಲ್ಲರ ಕೈ ಕುಲುಕಿ ಅಭಿನಂದಿಸತೊಡಗಿದಳು. ಸರಳಾಳಿಗೆ ಖಫೆಲಿಸಿಟೇರ್ಟ್, ಅವಳ ಮಗಳಿಗೆ ಖಫೆಲಿಸಿಟೇರ್ಟ್, ಮುರುಗೆಪ್ಪನವರಿಗೂ ಖಫೆಲಿಸಿಟೇರ್ಟ್.

"ನನಗ್ಯಾಕ್ರೀ? ನಾ ಯಾವ ಪರೀಕ್ಷೆನೂ ಬರದಿಲ್ಲ," ಎಂದರು ಮುರುಗೆಪ್ಪ.

ಮರೈಕೆ ಅನಂತರಾಮನ ಎರಡೂ ಹೆಗಲು ಹಿಡಿದು, "ಹುಟ್ಟುಹಬ್ಬದ ಹುಡುಗ ಇಲ್ಲಿದಾನೆ ನೋಡಿ," ಎಂದು ಡಚ್ಚಿನಲ್ಲಿ ಸಾರಿ, ಕೈತಟ್ಟಿ ಹಾಡಲು ಶುರುಮಾಡಿದಳು. ನಾಯಿಯ ಮುದುಕಪ್ಪ ದನಿಗೂಡಿಸಿದ.

ಈ ದೇಶದಲ್ಲಿ ಒಬ್ಬರ ಹುಟ್ಟುಹಬ್ಬವೆಂದರೆ ಹೆಂಡತಿಗೆ, ಮಕ್ಕಳಿಗೆ, ಬೀಗರಿಗೆ, ಬಂದ ನೆಂಟರಿಗೆ, ಎಲ್ಲರಿಗೂ ಅಭಿನಂದನೆ. ಅದು ಚಂದ್ರಪ್ರಭಾಳಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಅವಳ ಗಂಡ ಹುಟ್ಟಿದ್ದು ಆಷಾಢದಲ್ಲಿ. ಇವತ್ತು, ಜೂನ್ ಒಂದನೇ ತಾರೀಖು, ಹುಟ್ಟಿದ್ದು ಅವನ ಪಾಸ್‌ಪೋರ್ಟು. ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ತರು ತಮ್ಮ ಅನುಕೂಲಕ್ಕೆ ಇಡೀ ಕೇರಿಯ ಮಕ್ಕಳನ್ನೂ ಜೂನ್ ಒಂದಕ್ಕೇ ಹುಟ್ಟಿಸಿದ್ದರು. ಒಮ್ಮೆ ಕಾಫಿಗೆ ಕರೆದಿದ್ದ ಮರೈಕೆ ಹುಟ್ಟಿದ ತಾರೀಖು ಕೇಳಿದಾಗ, ಕಚೇರಿ ಕಚೇರಿಗಳಲ್ಲಿ ಹೇಳಿ ಹೇಳಿ ರೂಢಿಯಾದ ನಾಲಗೆಯಿಂದ ಅನಂತರಾಮ ಅದನ್ನೇ ಹೇಳಿದ್ದ. ಅವಳು ಅದನ್ನು ತನ್ನ ಕ್ಯಾಲೆಂಡರಿನಲ್ಲಿ ಬರೆದುಕೊಂಡು, ಎದುರುಮನೆಯ ಮುದುಕಪ್ಪನಿಗೂ ಹೇಳಿದ್ದಳು.

"ಈ ಹೂವು?" ಎಂದಳು ಚಂದ್ರಪ್ರಭಾ.

"ಆಫೀಸಲ್ಲಿ ಕೊಟ್ರು," ಎಂದ ಅನಂತರಾಮ ತಗ್ಗಿದ ದನಿಯಲ್ಲಿ. "ಇಲ್ಲಿ ಬರ್ತ್‌ಡೇ ಇರೋನೇ ಎಲ್ರಿಗೂ ಕೇಕ್ ತರಬೇಕಲ್ಲ, ಅದಕ್ಕೇ ಪ್ರತಿ ವರ್ಷ ರಜ ಹಾಕ್ತಿದ್ದೆ. ಈ ಸಲ ಮೀಟಿಂಗಿತ್ತು, ಸಿಕ್ಕಾಕ್ಕೊಂಡೆ."

ಹಾಡು ನಿಂತಿತು. ಸರಳಾ ತಟ್ಟೆಯನ್ನು ಕೆಳಗಿಟ್ಟು, ಬಹಳ ಮೃದುವಾಗಿ ಕೇಳಿದಳು. "ಹಂಗಾದ್ರೆ ಆಂಟಿ, ರಿಸಲ್ಟು?"

ಚಂದ್ರಪ್ರಭಾಳಿಗೆ ನಾಚಿಕೆಯಾಯಿತು. ಆದರೆ ಅದಕ್ಕಿಂತ ಜೋರಾಗಿ ಸಿಟ್ಟು ಬಂತು. ಮೊದಲು ಮರೈಕೆಯ ಮೇಲೆ, ಆಮೇಲೆ ಎಂದೋ ತೀರಿಕೊಂಡಿದ್ದ ಹೆಡ್‌ಮಾಸ್ತರ ಮೇಲೆ, ಕೊನೆಗೆ ತನ್ನತ್ತ ಕನಿಕರದಿಂದ ನೋಡುತ್ತಿದ್ದ ಅಷ್ಟೂ ಕಣ್ಣುಗಳ ಮೇಲೆ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ರಿಸಲ್ಟ್ ಬಂದಿಲ್ಲ. ಬರುತ್ತೆ. ಫೇಲಾದ್ರೆ ಟಿಲ್‌ಬರ್ಗಿಗೆ ಹೋಗಿ ಅಲ್ಲಿನ ಕಾಲೇಜು ಸೇರ್ತೀನಿ. ಅಲ್ಲೂ ಫೇಲಾದ್ರೆ ಇನ್ನೊಂದೂರು. ಯಾರ್ ಏನೇ ಅಂದ್ರೂ ಓದೋದಂತೂ ಬಿಡಲ್ಲ. ಒಂದ್ಸಲ ಬಿಟ್ಟಿದ್ದೇ ಸಾಕು."

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಹೆಂಕ್. ಅವಳು ಎಲ್ಲರನ್ನೂ ಒಮ್ಮೆ ನೋಡಿ, ಬೇಕೆಂದೇ ಸ್ಪೀಕರ್ ಹಾಕಿ ಫೋನನ್ನು ಊಟದ ಮೇಜಿನ ನಡುವೆ ಇಟ್ಟಳು.

"ಬೆಳಿಗ್ಗೆಯಿಂದ ಫೋನ್ ಮಾಡ್ತಾ ಇದೀನಿ," ಎಂದ ಹೆಂಕ್ ಡಚ್ಚಿನಲ್ಲಿ. "ಖಫೆಲಿಸಿಟೇರ್ಟ್."

"ಅವರ ಬರ್ತ್‌ಡೇ ಇವತ್ತಲ್ಲ," ಎಂದಳು ಚಂದ್ರಪ್ರಭಾ ಕಿಡಿಕಾರಿ. "ಜುಲೈನಲ್ಲಿ."

"ಯಾರದು?"

"ನನ್ನ ಗಂಡನದು."

"ನಿಮ್ಮ ಗಂಡ ಯಾರು ಅಂತಾನೇ ನನಗೆ ಗೊತ್ತಿಲ್ಲ. ಪಾಸಾಗಿರೋದು ನೀವು. ಒಳ್ಳೇ ಮಾರ್ಕ್ಸು ಬಂದಿದೆ."

ಮನೆ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಅನಂತರಾಮ ಹೂಗುಚ್ಛದ ಮೇಲಿದ್ದ ತನ್ನ ಹೆಸರಿನ ಚೀಟಿಯನ್ನು ಸದ್ದಿಲ್ಲದೆ ಕಿತ್ತು ಜೇಬಿಗೆ ಹಾಕಿಕೊಂಡ. ಚಂದ್ರಪ್ರಭಾ ಕೊಳದಪ್ಪಲೆಯಿಂದ ಸೌಟನ್ನು ತೆಗೆದು, ಎಲ್ಲರೂ ನೋಡುವಂತೆ ಸರಳಾಳ ಕೈಗೆ ಕೊಟ್ಟಳು. ಜೀವಮಾನದಲ್ಲಿ ಅವಳಿಗೆ ಅಷ್ಟು ಸಂತೋಷ ಆದದ್ದೇ ಇಲ್ಲ.

"ಒಂದೇ ಒಂದು ವಿಷಯ," ಎಂದಿತು ಮೇಜಿನ ಮೇಲಿನ ಫೋನು. "ಇದು ದುಡಿಯೋರ ಕೋರ್ಸು. ಎರಡನೇ ವರ್ಷಕ್ಕೆ ನೀವು ಯಾವುದಾದ್ರೂ ಸಂಸ್ಥೇಲಿ ಕೆಲಸದ ಹೊಣೆ ಹೊತ್ತಿರಬೇಕು. ಜನರನ್ನ, ಸಾಮಾನು ಸರಂಜಾಮನ್ನ ನಿಭಾಯಿಸಬೇಕು. ಈ ವಾರದೊಳಗೆ ಅಂಥ ಜಾಗ ತೋರಿಸದಿದ್ರೆ ನಿಮ್ಮ ಸೀಟು ಬೇರೆಯವರಿಗೆ ಹೋಗುತ್ತೆ. ನಿಮಗೆ ಎಲ್ಲಾದ್ರೂ ಇದೆಯಾ?"

ಚಂದ್ರಪ್ರಭಾಳಿಗೆ ಎಲ್ಲೂ ಇರಲಿಲ್ಲ. ಈ ವಯಸ್ಸಿನಲ್ಲಿ, ಒಂದು ವಾರದೊಳಗೆ, ಯಾರು ಹೊಣೆ ಕೊಡುತ್ತಾರೆ? ಅವಳು ಬಾಯಿ ತೆರೆಯುವ ಮೊದಲೇ ಸರಳಾ ಸೌಟು ಹಿಡಿದುಕೊಂಡೇ ಫೋನಿನ ಕಡೆ ಬಾಗಿದಳು. ಅವಳ ಡಚ್ಚು ಬಲು ಚೊಕ್ಕ.

"ಇದೆ ಸಾರ್. ನಮ್ಮದು ನೋಂದಾಯಿತ ಸಂಘ. ಇವರು ನಮ್ಮ ಆಹಾರ ವಿಭಾಗದ ಮುಖ್ಯಸ್ಥರು. ಗಣೇಶನ ಹಬ್ಬಕ್ಕೆ ಇನ್ನೂರು ಜನಕ್ಕೆ ಊಟ."

"ಅದ್ಭುತ," ಎಂದ ಹೆಂಕ್. "ಇದಕ್ಕಿಂತ ಒಳ್ಳೇ ಜಾಗ ಸಿಗಲ್ಲ. ಮೇಡಂ, ನಿಮಗೆ ಒಪ್ಪಿಗೆ ತಾನೇ?"

ಎಲ್ಲರೂ ಚಂದ್ರಪ್ರಭಾಳ ಮುಖ ನೋಡಿದರು. ಅವಳು ಫೋನನ್ನು ನೋಡಿದಳು, ಆಮೇಲೆ ಕೊಳದಪ್ಪಲೆಯನ್ನು.

"ಒಪ್ಪಿಗೆ," ಎಂದಳು ಡಚ್ಚಿನಲ್ಲಿ. ಕನ್ನಡಕ್ಕೆ ತಿರುಗಿ, "ಆದ್ರೆ ಕೇಳ್ಕೊಳ್ಳಿ ಎಲ್ರೂ. ನಾನು ಮ್ಯಾನೇಜರು. ಹೆಚ್ಚೋರು, ರುಬ್ಬೋರು, ತೊಳೆಯೋರು ನೀವು. ಮುರುಗೆಪ್ಪನೋರೇ, ಈರುಳ್ಳಿ ನಿಮ್ದು."

"ಆತು ಬಿಡ್ರಿ," ಎಂದರು ಮುರುಗೆಪ್ಪ ಗಾಬರಿಯಿಂದ.

"ಸರಿ ಹಾಗಾದ್ರೆ," ಎಂದ ಹೆಂಕ್. "ವರ್ಷಪೂರ್ತಿ ಇವರ ಕೆಲಸ ನೋಡಿ ಅರ್ಧ ಮಾರ್ಕ್ಸು ಕೊಡೋದು ಸಂಘದ ಕಡೆಯೋರು. ಇವರ ಮೇಲಧಿಕಾರಿ ಯಾರು?"

"ನಾನೇ ಸಾರ್. ಸರಳಾ ಅಂತ."

ಹೆಂಕ್ ಹೆಸರು ಬರೆದುಕೊಂಡು, ಮತ್ತೊಮ್ಮೆ ಅಭಿನಂದಿಸಿ ಫೋನಿಟ್ಟ. ಸರಳಾ ತಟ್ಟೆಗೆ ಭಾತ್ ಬಡಿಸಿಕೊಂಡು, ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ ಸಾವಕಾಶವಾಗಿ ಅಗಿದಳು.

"ಉಪ್ಪು ಒಂಚೂರು ಕಮ್ಮಿ ಆಯ್ತು ಆಂಟಿ."

ಚಂದ್ರಪ್ರಭಾ ಉಪ್ಪಿನ ಡಬ್ಬಿಯ ಮುಚ್ಚಳ ಬಿಗಿಯಾಗಿ ತಿರುಗಿಸಿ, ಕಪಾಟಿನ ಮೇಲಿನ ಖಾನೆಯಲ್ಲಿ ಸರಳಾಳ ಕೈಗೆ ಎಟುಕದಂತೆ ಇಟ್ಟಳು.

"ಮಾರ್ಕ್ಸ್ ಕಟ್ ಮಾಡ್ಕೊಳ್ಳಿ," ಎಂದಳು. "ಹಾಕಲ್ಲ."